ಅರಿಶಿನದ ನಾಡಿನಲ್ಲಿ ಬಿಳಿಯ ಹಾಸು

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರು ಸಾಗಿದರೆ ಗುಂಡ್ಲುಪೇಟೆ ಸಿಗುತ್ತದೆ. ಅಲ್ಲಿಂದ ಹೆದ್ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಕಡೆಗೆ, ಇನ್ನೊಂದು ಉದಕಮಂಡಲದ ಕಡೆಗೆ. ಎರಡು ದಾರಿಗಳೂ ಬಂಡೀಪುರದ ಕಾಡನ್ನು ಹಾಯಲೇಬೇಕು. ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುವುದನ್ನು ತಪ್ಪಿಸಲೆಂದು, 2009ರಿಂದ ಈ ಕಾಡಿನ ದಾರಿಯನ್ನು ರಾತ್ರಿ 9 ಗಂಟೆಗೆ ಮುಚ್ಚಿ ಬೆಳಗ್ಗೆ 6 ಗಂಟೆಗೆ ತೆರೆಯುವ ಕಟ್ಟಳೆ ಬಂದಿದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಹೊತ್ತು ಮೀರಿ ಬಂದ ಸಂಸಾರಕ್ಕೆ ಉಳಿದಿರುವುದು ಒಂದೇ ಮಾರ್ಗ: ಊರಿಗೆ ಮರಳಿ, ಒಂದು ಕೋಣೆ ಹಿಡಿದು, ಬೆಳಕು ಹರಿಯುವವರೆಗೆ ಮಲಗುವುದು.

ಹಿಂದಿನವರಿಗೆ ಈ ಚಿಂತೆ ಇಷ್ಟಿರಲಿಲ್ಲ. ಛತ್ರದಲ್ಲಿ ಇಳಿಯುವವರು ಜಮಖಾನೆ, ದಿಂಬು, ದುಪ್ಪಟಿಗಳನ್ನು ಸುರುಳಿ ಸುತ್ತಿ ಹಗ್ಗದಿಂದ ಬಿಗಿದು ಜೊತೆಯಲ್ಲೇ ಒಯ್ಯುತ್ತಿದ್ದರು. ಛತ್ರ ಕೊಡುತ್ತಿದ್ದುದು ನೆಲ, ನೀರು, ಹೆಚ್ಚೆಂದರೆ ಒಂದು ಚಾಪೆ. ಹಾಸಿಗೆ ತಮ್ಮದು, ಅದರ ಕೊಳೆಯೂ ತಮ್ಮದೇ. ಇಂದು ವಸತಿಗೃಹವಿದೆ, ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಹೋಂಸ್ಟೇ ಇದೆ. ಹಾಸಿಗೆಯ ಸುರುಳಿಯನ್ನು ಹೊರುವವರಿಲ್ಲ. ಅಪರಿಚಿತರ ಹಾಸಿಗೆಯಲ್ಲಿ ಅಪರಿಚಿತರು ಮಲಗುವ ಕಾಲ ಇದು. ಆದ್ದರಿಂದಲೇ ಬಾಡಿಗೆಯ ಕೋಣೆಗೆ ಕಾಲಿಟ್ಟ ಗೃಹಿಣಿ ಕಿಟಕಿಯ ಹೊರಗಿನ ನೋಟವನ್ನು ನೋಡುವ ಮೊದಲು ದಿಂಬನ್ನೆತ್ತಿ ನೋಡುತ್ತಾಳೆ. ಹಾಸಿನ ಮೇಲೆ ಒಂದು ಕಲೆ ಕಂಡರೂ ಆ ರಾತ್ರಿಯ ನಿದ್ದೆ ಹೋದಂತೆಯೇ.

ಕಲೆಯ ವಿಷಯದಲ್ಲಿ ಈ ಸೀಮೆಯಷ್ಟು ಉದಾರವಾದ ನೆಲ ಅಪರೂಪ. ಗುಂಡ್ಲುಪೇಟೆ, ಚಾಮರಾಜನಗರಗಳ ಸುತ್ತ ಅರಿಶಿನ ಬೆಳೆಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಹೆದ್ದಾರಿಯ ಎರಡು ಬದಿಗೂ ಚೆಂಡು ಹೂವು, ಸೂರ್ಯಕಾಂತಿ ಅರಳಿ ನಿಲ್ಲುತ್ತವೆ. ಓಣಂ ಹಬ್ಬಕ್ಕೆ ಇಲ್ಲಿಂದ ಕೇರಳಕ್ಕೆ ಹೂವು ಹೋಗುತ್ತದೆ. ಹೊಲದ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಕೇರಳದಿಂದ ಸಂಸಾರಗಳು ಇಲ್ಲಿಗೆ ಬರುತ್ತವೆ. ಸಂಜೆ ಹಿಂದಿರುಗುವಾಗ ಮಕ್ಕಳ ಕಾಲಿನಲ್ಲಿ ಕೆಮ್ಮಣ್ಣು, ಸೆರಗಿನಲ್ಲಿ ಹೂವಿನ ಪರಾಗ.

ಚಾಮರಾಜನಗರದಲ್ಲಿ ಇದಕ್ಕೆ ಇನ್ನೊಂದು ಬಣ್ಣ ಸೇರುತ್ತದೆ. ಅರಿಕೊಠಾರವೆಂಬ ಹೆಸರಿದ್ದ ಈ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಆಷಾಢದಲ್ಲಿ ಈ ದೇವರಿಗೆ ರಥೋತ್ಸವ. ಹೊಸದಾಗಿ ಮದುವೆಯಾದವರನ್ನು ಆ ಮಾಸದಲ್ಲಿ ಅಗಲಿಸುವುದು ನಾಡಿನ ಪದ್ಧತಿ. ಆದರೆ ಇಲ್ಲಿಯ ತೇರಿಗೆ ನವದಂಪತಿಗಳು ಜೊತೆಯಾಗಿಯೇ ಬಂದು ಹಣ್ಣು ಜವನ ಎಸೆಯುತ್ತಾರೆ. ತೇರಿಗಾಗಿ ಬಂದು ಊರಿನಲ್ಲಿ ತಂಗಿದವರ ಕೋಣೆಗಳಲ್ಲಿ ಮರುದಿನ ದಿಂಬಿನ ಮೇಲೆ ಕುಂಕುಮ, ಹಾಸಿನ ಅಂಚಿನಲ್ಲಿ ಅರಿಶಿನ.

ಅರಿಶಿನವನ್ನು ಒಗೆಯಹೊರಟ ಹೊಸಬರು ಮೊದಲ ಬಾರಿ ಬೆಚ್ಚಿಬೀಳುತ್ತಾರೆ. ಹಳದಿಯ ಮೇಲೆ ಸಾಬೂನು ಉಜ್ಜಿದೊಡನೆ ಅದು ರಕ್ತದಂತೆ ಕೆಂಪಾಗುತ್ತದೆ. ಇದರಲ್ಲಿ ಗಾಬರಿಗೆ ಕಾರಣವಿಲ್ಲ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದಾಗ ಏಳುವ ಓಕುಳಿಯೂ ಇದೇ. ಹೊಸಿಲಲ್ಲಿ ಅತಿಥಿಯನ್ನು ಎದುರುಗೊಂಡ ಕೆಂಪೇ ಬೆಳಗ್ಗೆ ಹಾಸಿನ ಮೇಲೆ ಕಾಣಿಸಿಕೊಂಡರೆ ಕಲೆಯೆನಿಸುತ್ತದೆ! ನಿಂಬೆಯ ಹುಳಿ ಹಿಂಡಿದರೆ ಅದು ಮತ್ತೆ ಹಳದಿಗೆ ತಿರುಗೀತು, ಹೋಗಲಾರದು. ಅದನ್ನು ನಿಜವಾಗಿ ಅಳಿಸುವವನು ಸೂರ್ಯ. ಬಿಸಿಲಿಗೆ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಒಗೆದ ಹಾಸನ್ನು ಒದ್ದೆಯಾಗಿಯೇ ಎರಡು ಮೂರು ಹಗಲು ಬಿಸಿಲಿಗೆ ಹರವಿದರೆ ಕಲೆ ಮಾಸುತ್ತಾ ಬಂದು ಕಾಣದಾಗುತ್ತದೆ.

ನಾಡಿನ ಮಡಿವಾಳರು ಇದನ್ನು ರಸಾಯನಶಾಸ್ತ್ರ ಓದದೆಯೇ ಬಲ್ಲವರಾಗಿದ್ದರು. ಹನ್ನೆರಡನೆಯ ಶತಮಾನದ ಶರಣರ ನಡುವೆ ಮಡಿವಾಳ ಮಾಚಿದೇವರಿಗೆ ದೊರೆತ ಗೌರವವನ್ನು ನೆನೆದರೆ, ಬಟ್ಟೆಯನ್ನು ಮಡಿ ಮಾಡುವ ಕಾಯಕಕ್ಕೆ ಈ ನಾಡು ಯಾವ ಸ್ಥಾನ ಕೊಟ್ಟಿತ್ತೆಂಬುದು ತಿಳಿಯುತ್ತದೆ. ಚೌಳುಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಸೆಳೆದು, ಹುಲ್ಲಿನ ಮೇಲೆ ಒಣಹಾಕುವುದು ಅವರ ಕ್ರಮ. ಬಣ್ಣದ, ನವುರಾದ ಬಟ್ಟೆಗೆ ಅಂಟುವಾಳ. ಈ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನಲ್ಲಿ ಜೇನಿನೊಡನೆ ಅಂಟುವಾಳ, ಸೀಗೆಗಳನ್ನೂ ಆಯುತ್ತ ಬಂದವರು. ಕಾಡಿನ ಮೇಲಣ ಅವರ ಸಮುದಾಯ ಹಕ್ಕಿಗೆ 2011ರಲ್ಲಿ ಕಾನೂನಿನ ಮನ್ನಣೆಯೂ ದೊರೆಯಿತು. ಅಂಟುವಾಳದ ನೊರೆಯಲ್ಲಿ ಸಾಬೂನಿನಷ್ಟು ಕ್ಷಾರಗುಣವಿಲ್ಲ. ಆದ್ದರಿಂದ ಅರಿಶಿನದ ಕಲೆಗೆ ಮೊದಲ ಒಗೆತವನ್ನು ಅದರಲ್ಲೇ ಮಾಡುವುದು ಜಾಣತನ.

ಒಂದೊಂದು ಕಲೆಗೆ ಒಂದೊಂದು ಸ್ವಭಾವ. ಕೆಮ್ಮಣ್ಣನ್ನು ಹಸಿಯಾಗಿರುವಾಗ ಉಜ್ಜಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು, ಕೊಡವಿ, ಆಮೇಲೆ ತೊಳೆಯಬೇಕು. ಅದರ ಕೆಂಪು ಕಬ್ಬಿಣದ್ದು. ಬ್ಲೀಚಿಂಗ್ ಪುಡಿ ಅದನ್ನು ತೆಗೆಯುವುದಿಲ್ಲ, ಇನ್ನಷ್ಟು ಗಟ್ಟಿಗೊಳಿಸೀತು. ಪರಾಗಕ್ಕೆ ನೀರು ತಾಗಿಸಬಾರದು. ಮೊದಲು ಕೊಡವಬೇಕು, ಉಳಿದುದನ್ನು ಅಂಟುಪಟ್ಟಿಯಿಂದ ಎತ್ತಬೇಕು. ತಲೆಗೆಣ್ಣೆಯ ಜಿಡ್ಡಿಗೆ ಕಡಲೆಹಿಟ್ಟು ಉದುರಿಸಿ, ಅದು ಎಣ್ಣೆಯನ್ನು ಹೀರಿದ ಮೇಲೆ ಬಿಸಿನೀರು, ಸಾಬೂನು. ರಕ್ತಕ್ಕಾದರೋ ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಅದರ ಸಸಾರಜನಕ ಮೊಟ್ಟೆಯಂತೆ ಬೆಂದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ತಿಗಣೆಯ ಮಾತು ಬೇರೆ. 50 ಡಿಗ್ರಿಗೂ ಮೀರಿದ ಕಾವಿನಲ್ಲಿ ಅದು ಬದುಕಲಾರದಾದ್ದರಿಂದ, ಅದಕ್ಕೆ ಕುದಿನೀರೇ ಮದ್ದು.

ಇಷ್ಟೆಲ್ಲ ಬಲ್ಲ ಗೃಹಸ್ಥರಿಗೂ ಒಂದು ಕಷ್ಟ ಉಂಟು. ಹೂವು ಅರಳುವ, ತೇರು ಎಳೆಯುವ, ಓಣಂ ರಜೆ ಬರುವ ಕಾಲವೇ ಮೋಡ ಮುಸುಕುವ ಕಾಲ. ಅತಿಥಿಗಳು ಹೆಚ್ಚಿರುವಾಗ ಬಿಸಿಲು ಕಡಿಮೆ. ಆದ್ದರಿಂದ ಅನುಭವಿಗಳು ಪ್ರತಿ ಹಾಸಿಗೆಗೆ ಮೂರು ಜೊತೆ ಹಾಸುಗಳನ್ನು ಇಡುತ್ತಾರೆ: ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಬೀರುವಿನಲ್ಲಿ. ಹಾಸಿನ ಕೆಳಗೆ ನೀರಿಳಿಯದ ಹೊದಿಕೆ, ದಿಂಬಿಗೆ ಎರಡು ಗವಸು. ಹಾಸು ಒಗೆದರೆ ಬರುತ್ತದೆ. ಹತ್ತಿಯ ಹಾಸಿಗೆಯೊಳಕ್ಕೆ ಇಳಿದ ಕಲೆ ಬಾರದು.

ಇನ್ನು ಬಣ್ಣದ ಪ್ರಶ್ನೆ. ಕಡುಗಂದು, ಕಡುನೀಲಿ, ದೊಡ್ಡ ಹೂಗಳ ಹಾಸು ಹಾಕಿದರೆ ಕಲೆ ಕಾಣದು, ಒಗೆತ ಉಳಿಯುತ್ತದೆ ಎನ್ನುವವರಿದ್ದಾರೆ. ಆದರೆ ಕಲೆ ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಬಿಳಿಯ ಹಾಸನ್ನು ಕುದಿಸಬಹುದು, ಬಿಸಿಲಿಗೆ ಬಿಡಬಹುದು, ಬಣ್ಣ ಹೋದೀತೆಂಬ ಭಯವಿಲ್ಲ. ಅದಕ್ಕಿಂತ ಮಿಗಿಲಾಗಿ, ಹೊತ್ತು ಮೀರಿ ಬಂದ ದಣಿದ ತಾಯಿಗೆ ಅದು ಬಾಯಿಬಿಟ್ಟು ಹೇಳದೆಯೇ ಭರವಸೆ ಕೊಡುತ್ತದೆ.

ಬಚ್ಚಿಡುವ ಚಾಳಿ ಮನೆಯವರದಷ್ಟೇ ಅಲ್ಲ, ಅತಿಥಿಗಳದೂ ಹೌದು. ರಾತ್ರಿ ಮಗು ಹಾಸಿಗೆ ಒದ್ದೆ ಮಾಡುತ್ತದೆ. ಮುಟ್ಟಾದ ಹುಡುಗಿ ಬೆಳಗ್ಗೆ ಹಾಸನ್ನು ನೋಡಿ ಕುಗ್ಗಿಹೋಗುತ್ತಾಳೆ. ನಾಚಿಕೆಯಿಂದ ಹಾಸನ್ನು ಮಡಿಸಿ, ಅದರ ಮೇಲೆ ಹೊದಿಕೆಯನ್ನೆಳೆದು, ಕಾಡಿನ ದಾರಿ ತೆರೆಯುತ್ತಲೇ ಸಂಸಾರ ಹೊರಟುಬಿಡುತ್ತದೆ. ಮಧ್ಯಾಹ್ನ ಮಡಿಕೆ ಬಿಚ್ಚುವ ಹೊತ್ತಿಗೆ ಕಲೆ ಬೇರೂರಿರುತ್ತದೆ. ಕೆಲಸದಾಕೆ ಅರಿಯದೆ ಅದನ್ನು ಬಿಸಿನೀರಿಗೆ ಅದ್ದಿದರೆ ಮುಗಿಯಿತು. ಒಂದು ಬಕೆಟ್ ತಣ್ಣೀರಿನಿಂದ, ‘ಹೀಗಾಗಿದೆ’ ಎಂಬ ಒಂದು ಮಾತಿನಿಂದ ಆ ಹಾಸು ಉಳಿಯುತ್ತಿತ್ತು. ಆ ಮಾತು ಅತಿಥಿಯ ಬಾಯಿಂದ ಬರಬೇಕಾದರೆ, ಅದನ್ನು ಕೇಳಿ ಹುಬ್ಬು ಗಂಟಿಕ್ಕದ ಗೃಹಿಣಿ ಬೇಕು. ಕೋಣೆಯ ಮೂಲೆಯಲ್ಲಿ ಒಂದು ಖಾಲಿ ಬಕೆಟ್, ಬಾಗಿಲ ಹಿಂದೆ ಒಂದು ಹಳೆಯ ಟವಲು, ಮೇಲೆ ಒಂದು ಜೊತೆ ಮಡಿಯ ಹಾಸು ಇಟ್ಟಿದ್ದರೆ ಅರ್ಧ ನಾಚಿಕೆ ಅಲ್ಲಿಯೇ ಕರಗುತ್ತದೆ.

ಬೆಳಗ್ಗೆ ಆರು ಗಂಟೆಗೆ ಬಂಡೀಪುರದ ದಾರಿ ತೆರೆಯುತ್ತದೆ. ಕಾದಿದ್ದ ವಾಹನಗಳು ಒಂದರ ಹಿಂದೊಂದು ಕಾಡಿನೊಳಕ್ಕೆ ಸಾಗುತ್ತವೆ. ಗುಂಡ್ಲುಪೇಟೆಯ ತಾರಸಿಗಳ ಮೇಲೆ ಬಿಳಿಯ ಹಾಸುಗಳು ಒಂದೊಂದಾಗಿ ತಂತಿಯೇರುತ್ತವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಂಜು ಇನ್ನೂ ಕರಗಿರುವುದಿಲ್ಲ. ತಂತಿಯ ಕೆಳಗೆ ನಿಂತ ಗೃಹಿಣಿ ಮೋಡದ ಕಡೆ ತಲೆಯೆತ್ತಿ ನೋಡುತ್ತಾಳೆ; ಸಂಜೆಯೊಳಗೆ ಬಿಸಿಲು ಬರಬೇಕು, ಒಂಬತ್ತಾದ ಮೇಲೆ ಯಾರದೋ ಸಂಸಾರ ಬಾಗಿಲು ತಟ್ಟಬಹುದು.