ಟೋಲ್ ದಾಟಿದ ಮೇಲಿನ ಮೈಲೇಜ್

ಮಾವನವರ ಹೊಸ ಹೈಬ್ರಿಡ್ ಕಾರು ಕಾಗದದ ಮೇಲೆ ಲೀಟರಿಗೆ 27 ಕಿ.ಮೀ. ಓಡುತ್ತದೆ. ಮಳೆಗಾಲದಲ್ಲಿ 23 ಓಡಿತು, ಈ ಬೇಸಿಗೆಯಲ್ಲಿ 18ಕ್ಕೆ ಇಳಿದಿದೆ. ಅವರಿಗೆ ಅನುಮಾನ ಪೆಟ್ರೋಲ್ ಬಂಕಿನ ಮೇಲೆ, ನನಗೆ ರಸ್ತೆ ಮತ್ತು ಬಿಸಿಲಿನ ಮೇಲೆ.

ಹೈಬ್ರಿಡ್ ಉಳಿತಾಯದ ದೊಡ್ಡ ಪಾಲು ಬರುವುದು ಬ್ರೇಕ್ ಒತ್ತಿದಾಗ. ಆಗ ಗಾಡಿಯ ಓಟವನ್ನೇ ಮೋಟರು ಕರೆಂಟಾಗಿಸಿ ಬ್ಯಾಟರಿಗೆ ತುಂಬುತ್ತದೆ. ಗಂಗಾವತಿ ಪೇಟೆಯ ಗದ್ದಲದಲ್ಲಿ ಅದಕ್ಕೆ ಹಬ್ಬ. ಹೇಮಗುಡ್ಡದ ಟೋಲ್ ದಾಟಿ ಕೊಪ್ಪಳದ ಕಡೆ ಜೋರಾಗಿ ಬಿಟ್ಟರೆ ಬ್ರೇಕಿಗೆ ಕೆಲಸವೇ ಇಲ್ಲ, ಎಂಜಿನ್ ಒಂದೇ ಗಾಳಿಯ ಜೊತೆ ಗುದ್ದಾಡಬೇಕು. ಮೇಲೆ 40 ಡಿಗ್ರಿ ಬಿಸಿಲು. ಏಸಿಗೆ ಬ್ಯಾಟರಿಯ ಕರೆಂಟು, ಬ್ಯಾಟರಿಗೆ ಕೊನೆಗೂ ಪೆಟ್ರೋಲೇ. ಕಂಪನಿಯ 27 ಬಂದದ್ದು ಪ್ರಯೋಗಾಲಯದ ರೋಲರ್ ಮೇಲೆ. ಅಲ್ಲಿ ಕಾದ ಬಂಡೆಗಳ ಗುಡ್ಡ ಎಲ್ಲಿಂದ ಬರಬೇಕು!

ಎಲ್ಲರೂ ಬೈಯುವ ಇ20 ಪೆಟ್ರೋಲಿನ ಪಾಲೂ ಇದೆ. ಅದರಲ್ಲಿ ಶೇ 20ರವರೆಗೆ ಎಥನಾಲ್. ಪೆಟ್ರೋಲಿಗಿಂತ ಎಥನಾಲಿನ ಕಸುವು ಸುಮಾರು ಮೂರನೇ ಒಂದು ಪಾಲು ಕಡಿಮೆ. ಅಂದರೆ ಲೀಟರಿಗೆ ಶೇ 6-7ರಷ್ಟು ಶಕ್ತಿ ಖೋತಾ. ಆದರೆ ಮಳೆಗಾಲದಲ್ಲೂ ಹಾಕಿಸಿದ್ದು ಇದೇ ಪೆಟ್ರೋಲ್ ತಾನೆ? 23ರಿಂದ 18ಕ್ಕೆ ಇಳಿದ ಲೆಕ್ಕವನ್ನು ಅದರ ತಲೆಗೆ ಕಟ್ಟುವಂತಿಲ್ಲ.

"ಎಥನಾಲ್ ಗೋವಿನಜೋಳದಿಂದಾನೂ ಮಾಡ್ತಾರ್ರಿ ಮಾವಾರ" ಅಂದೆ. ಯಲಬುರ್ಗಾದಲ್ಲಿ ಹೊಲ ಇರುವ ಮನುಷ್ಯ, ಮೈಲೇಜ್ ಮರೆತೇಬಿಟ್ಟರು. "ಹಂಗಾರ ನಮ್ಮ ಜ್ವಾಳಕ್ಕ ರೇಟ್ ಯಾಕ ಬರವಲ್ದು?"

ಟೈರಿನ ಗಾಳಿ ಒಮ್ಮೆ ಚೆಕ್ ಮಾಡಿಸ್ಕೊಂಡ್ ಬರ್ರಿ ಅಂತ ಮಾತು ಹೊರಳಿಸಿದೆ.