ಸಂಚಕಾರ

ಕ್ರಯವಿಕ್ರಯದಲ್ಲಿ ಆಡಿದ ಮಾತು ಉಭಯರನ್ನೂ ಸಮನಾಗಿ ಬಂಧಿಸಬೇಕು. ನಮ್ಮ ಮನೆಯ ಹಳೆಯ ಹಾರ್ಮೋನಿಯಂ ಕೊಳ್ಳುವೆನೆಂದು ಬೆಲೆ ನಿಶ್ಚಯಿಸಿದ ಗೃಹಸ್ಥರೊಬ್ಬರು ಸಂಚಕಾರವನ್ನೂ ಕೊಡದೆ, ಇಂದು ನಾಳೆಯೆನ್ನುತ್ತ 2 ತಿಂಗಳು ಕಳೆದರು. ಆ ಮಾತಿಗೆ ಕಟ್ಟುಬಿದ್ದು, ಸಂಗೀತ ಕಲಿಯುತ್ತಿದ್ದ ಬಾಲಿಕೆಯೊಬ್ಬಳನ್ನು ಬರಿಗೈಯಲ್ಲಿ ಕಳುಹಿಸಬೇಕಾಯಿತು.

ವ್ಯಾಪಾರವನ್ನು ದೃಢಪಡಿಸುವುದಕ್ಕೆ ಅಮರಕೋಶವು ‘ಸತ್ಯಂಕಾರ’ವೆನ್ನುತ್ತದೆ, ಮಾತನ್ನು ಸತ್ಯವಾಗಿಸುವುದೆಂದರ್ಥ. ಅದರ ತದ್ಭವವೇ ‘ಸಂಚಕಾರ’. ಸತ್ಯಕ್ಕಾಗಿ ಹುಟ್ಟಿದ ಪದವು ‘ಪ್ರಾಣಕ್ಕೆ ಸಂಚಕಾರ’ವೆಂಬಲ್ಲಿ ಕೇಡಿನ ಅರ್ಥಕ್ಕಿಳಿದಿರುವುದು ಶೋಚನೀಯವಲ್ಲವೆ!

1930ರ ಸರಕು ಮಾರಾಟ ಕಾಯಿದೆಯ 54ನೆಯ ಪ್ರಕರಣವು, ಹಣ ಬಾರದಿದ್ದಲ್ಲಿ ಮೊದಲು ತಿಳಿವಳಿಕೆ ಕೊಟ್ಟು, ಯುಕ್ತಕಾಲ ಕಾದು, ಕೈಯಲ್ಲಿರುವ ಸರಕನ್ನು ಪರರಿಗೆ ಮಾರಲು ಅಧಿಕಾರವೀಯುತ್ತದೆ. ಅಂತೆಯೇ ಪತ್ರ ಬರೆದು, 15 ದಿನ ಕಾದು, ವಾದ್ಯವನ್ನು ಆ ಬಾಲಿಕೆಗೇ ಕೊಟ್ಟೆವು.

ಕೊಳ್ಳುವೆನೆಂದು ಮಾತು ಕೊಡುವವರು, ಆ ಮಾತು ಮುಗಿಯಲೆಂದು ಇನ್ನೊಬ್ಬರು ಬಾಗಿಲಲ್ಲಿ ಕಾದಿರಬಹುದೆಂಬುದನ್ನು ನೆನೆಯಲಿ.