ಎರಡು ನಗರಗಳ ಗಂಟೆ

ಮುಂಬಯಿಗೂ ಲಂಡನ್ನಿಗೂ ಇರುವ ಸಾದೃಶ್ಯವನ್ನು ಹೇಳುವವರು ಸಾಮಾನ್ಯವಾಗಿ ರೈಲು ನಿಲ್ದಾಣಗಳನ್ನೂ ಗಾಥಿಕ್ ಕಮಾನುಗಳನ್ನೂ ತೋರಿಸುತ್ತಾರೆ. ಎರಡೂ ಊರುಗಳಲ್ಲಿ ನನ್ನ ಕಣ್ಣು ಹೋದದ್ದು ಗಡಿಯಾರಗಳ ಕಡೆಗೆ. ಥೇಮ್ಸ್ ನದಿಯ ದಡದ ವೆಸ್ಟ್‌ಮಿನ್‌ಸ್ಟರ್ ಗೋಪುರದ ಗಡಿಯಾರ 1859ರಲ್ಲಿ ನಡೆಯತೊಡಗಿತು. ಅದನ್ನೇ ಮಾದರಿಯಾಗಿಸಿಕೊಂಡಿತೆನ್ನಲಾಗುವ ಮುಂಬಯಿಯ ರಾಜಾಬಾಯಿ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಇದರ ನಕ್ಷೆ ರಚಿಸಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಒಮ್ಮೆಯೂ ಬಂದವನಲ್ಲ.

ವೆಸ್ಟ್‌ಮಿನ್‌ಸ್ಟರಿನದು ರಾಜ್ಯಾಡಳಿತದ ಗೋಪುರ. ಮುಂಬಯಿಯದು ಒಬ್ಬ ತಾಯಿಯ ಹೆಸರಿನದು. ಹತ್ತಿಯ ವ್ಯಾಪಾರದಲ್ಲಿ ಅಪಾರ ಧನ ಗಳಿಸಿದ ಪ್ರೇಮಚಂದ ರಾಯಚಂದರು ಎರಡು ಲಕ್ಷ ರೂಪಾಯಿಗಳನ್ನಿತ್ತು, ತಾಯಿ ರಾಜಾಬಾಯಿಯ ಹೆಸರಿಡಬೇಕೆಂದು ಕೋರಿದರು. ಕಣ್ಣು ಕಾಣದ ಆ ಜೈನ ವೃದ್ಧೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲು ಗಂಟೆಯ ದನಿ ನೆರವಾಗಲೆಂಬುದು ಮಗನ ಆಶಯವಾಗಿತ್ತೆಂದು ಐತಿಹ್ಯ. ಐತಿಹ್ಯವನ್ನು ದಾಖಲೆಯೆಂದು ನಾನು ಎತ್ತಿಹಿಡಿಯಲಾರೆ, ಬಿಟ್ಟುಬಿಡಲೂ ಮನಸ್ಸಿಲ್ಲ.

ಅದರೊಳಗೊಂದು ತೊಡಕೂ ಇದೆ. ವ್ರತ ಸೂರ್ಯನನ್ನು ಅನುಸರಿಸುತ್ತದೆ, ಗಂಟೆ ಯಂತ್ರವನ್ನು. ಮುಂಬಯಿಯಲ್ಲಿ ಇವೆರಡರ ನಡುವೆ ಹೆಚ್ಚಿನ ಜಗಳವಿಲ್ಲ. ವರ್ಷವಿಡೀ ಸೂರ್ಯ ಮುಳುಗುವುದು ಇಂದಿನ ಗಡಿಯಾರದಂತೆ ಸುಮಾರು ಆರರಿಂದ ಏಳೂಕಾಲರ ಆಸುಪಾಸಿನಲ್ಲಿ. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕಕ್ಕೆ ಮುನ್ನವೇ ಮರೆಯಾಗುತ್ತಾನೆ. ಜೂನಿನಲ್ಲಿ ಒಂಬತ್ತು ದಾಟಿದರೂ ಇನ್ನೂ ಇರುತ್ತಾನೆ. ಅಲ್ಲಿ ನೆಲೆಸಿ ಕಚೇರಿಗೆ ಹೋಗುವ ಶ್ರಾವಕನಿಗೆ ಚಳಿಗಾಲದಲ್ಲಿ ರಾತ್ರಿಭೋಜನತ್ಯಾಗವೆಂದರೆ ಮಧ್ಯಾಹ್ನದ ಬುತ್ತಿಯೇ ದಿನದ ಕೊನೆಯ ಊಟ. ಬೇಸಿಗೆಯಲ್ಲಿಯೋ, ವ್ರತವಿದೆಯೆಂಬುದೇ ಅರಿವಿಗೆ ಬಾರದು! ಗಡಿಯಾರ ನೋಡಿ ಏಳಕ್ಕೆ ಉಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದೆಂದೇ ನನ್ನ ಎಣಿಕೆ. ಸೂರ್ಯನನ್ನು ಕಳೆದರೆ ಆ ವ್ರತದಲ್ಲಿ ಉಳಿಯುವುದು ವೇಳಾಪಟ್ಟಿ ಮಾತ್ರ.

ಲೋಕಕ್ಕೆ ಕಾಲವನ್ನು ಹಂಚಿಕೊಟ್ಟ ಗ್ರೀನಿಚ್ ಇರುವುದೂ ಲಂಡನ್ನಿನಲ್ಲೇ. 1906ರಲ್ಲಿ ಅದಕ್ಕಿಂತ ಐದೂವರೆ ಗಂಟೆ ಮುಂದಿನ ಭಾರತೀಯ ಕಾಲಮಾನ ಜಾರಿಗೆ ಬಂದಾಗ ಮುಂಬಯಿ ಒಪ್ಪಲಿಲ್ಲ. 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಊರಿನಲ್ಲಿ 1955ರವರೆಗೂ ಬಳಕೆಯಲ್ಲುಳಿಯಿತು. ಇದನ್ನು ಬರಿಯ ಹಠವೆನ್ನಲಾಗದು. ಮುಂಬಯಿಯ ಸೂರ್ಯ ನೆತ್ತಿಗೆ ಬಂದಾಗ ಸುಮಾರಾಗಿ ಹನ್ನೆರಡನ್ನು ತೋರುತ್ತಿದ್ದುದು ಆ ಹಿಂದುಳಿದ ಗಡಿಯಾರವೇ. ರಾಜಾಬಾಯಿಯವರು ಗೋಪುರದ ಗಂಟೆಗೆ ಕಿವಿಗೊಟ್ಟದ್ದು ನಿಜವಾಗಿದ್ದರೆ, ಅವರು ಕೇಳಿದ್ದು ತಮ್ಮ ಊರಿನ ಆ ಕಾಲವನ್ನೇ.